ಕುಣಿ

ಹೌದ್ರಿ ಸಾಹೇಬ್ರ, ಒಡದೀವಿ.
ನಲವತ್ತೇಳನೇ ನಂಬರ ಮನಿ, ಪಡಸಾಲಿ, ಬಲಕ್ಕ, ಕಿಟಕಿ ಕೆಳಗ.
ಬರಕೊಳ್ರಿ.
ಆದ್ರ ನಿಂತು ಬರೀಬ್ಯಾಡ್ರಿ, ಕೈ ನಡಗತೈತಿ ನಿಮ್ಮದು,
ಬಿಸಲಾಗ ಬಂದೀರಿ. ನೀರ ಕುಡೀರಿ ಮೊದಲ.

ನಮ್ಮೂರ ಹೆಸರಿನಾಗ ದಿನ್ನಿ ಐತಿ. ಬೀರಲದಿನ್ನಿ.
ಹೊಳಿಗೆ ಓದಾಕ ಬರೂದಿಲ್ಲ.
ಮ್ಯಾಲ ಗೇಟ ತಗದ್ರು ಅಂತ ಡಂಗುರ ಸಾರಿದಾಗ
ನಾ ಮಗ್ಗದ ಕುಣಿಯೊಳಗ ಕಾಲ ಇಳಿಬಿಟ್ಟು
ಆನಿ ಹೆಜ್ಜಿ ಖಣ ನೇಯಾಕ ಹತ್ತಿದ್ದೆ; ಇನ್ನ ಒಂದ ಮೊಳ ಇತ್ತು.
ಮೊದಲ ಹಿಂಬಡ ತಣ್ಣಗಾತು.
ಬಾಗಲದಿಂದ ಬರಲಿಲ್ಲರಿ ಮಲಪ್ರಭಾ,
ಕುಣಿಯಾಗಿಂದ ಎದ್ದು ಬಂದ್ಲು,
ಒಳಗ ಇದ್ದಾಕಿ ಹಂಗ.

ಲಾಳಿ ಒಂದ ಹಿಡಕೊಂಡು ಓಡಿದೆ.
ಯಾಕ ಲಾಳಿ, ಕೇಳಬ್ಯಾಡ್ರಿ.
ಬಾಜೂ ಮನಿ ಸಂಕವ್ವ ಬೀಸೂಕಲ್ಲಿನ ಗೂಟ ಹಿಡಕೊಂಡು ಓಡ್ಯಾಳ,
ಕಲ್ಲ ಅಲ್ಲೇ ಬಿಟ್ಟು.

ಪತ್ರಾಸ ಶೆಡ್ಡಿನಾಗ ಹನ್ನೊಂದ ತಿಂಗಳು. ಆಮ್ಯಾಲ ಈ ಮನಿ.
ಕೀಲಿಕೈ ಕೊಟ್ಟ ದಿನ ಫೋಟೋ ತಗದ್ರು.
ಸಿಮೆಂಟ ನೆಲ, ಇರಿವಿ ಸುದ್ದಾ ಜಾರಬೇಕು, ಹಂಗಿತ್ತು.
ನನ್ನ ಅತ್ತಿ ಮೂರ ದಿನ ಪೂರಾ ಪಾದ ಊರಲಿಲ್ಲ,
"ಯಾರದೋ ತಾಟಿನ್ಯಾಗ ನಿಂತಂಗ ಆಗತೈತಿ" ಅಂದ್ಲು.

ಕುರ್ಚಿ ಮ್ಯಾಲ ಕುಂತು ನೇಯೂ ಮಗ್ಗ ಕೊಟ್ರಿ. ಸುಳ್ಳ ಹೇಳೂದಿಲ್ಲ,
ಛಲೋ ಮಗ್ಗ.
ಆದ್ರ ರೇಷ್ಮಿ ಎಳಿಗೆ ಮಣ್ಣಿನ ತಂಪು ಬೇಕು,
ಸಿಮೆಂಟಿನ ಕಾವಿಗೆ ಪಟ್ ಅಂತ ಹರೀತಿತ್ತು.
ದಿನಾ ಕೆಚ್ಚೂದ. ನೇಯೂದಲ್ಲ, ಬರೇ ಕೆಚ್ಚೂದ.

ಈ ನೆಲ ಹಾಕಿದಾವ ನಮ್ಮೂರಾವನ, ಇಮಾಮಹುಸೇನ ಗೌಂಡಿ.
ಐವತ್ತೆರಡ ಮನಿಗೂ ಅವನ ಗಿಲಾಯಿ.
ಒಂದಿನ ಸಂಜಿಗೆ ನನ್ನ ಹೊಸ್ತಿಲ ಮ್ಯಾಲ ಕುಂತು
ಎಳಿ ಹರಿಯೂದ ನೋಡಿದ. ಮಾತಾಡಲಿಲ್ಲ.
ಮರುದಿನ ಹಾರಿ ತಂದ.
"ಹಾಕಿದ ಕೈನ ಒಡದ್ರ ಪಾಪ ಕಡಿಮಿ ಅಕ್ಕಾ" ಅಂದ,
ನನ್ನ ಕುಂದ್ರಿಸಿ ಮೊಣಕಾಲಿನ ಅಳತಿ ತಗೊಂಡ.

ಮೊದಲನೇ ಏಟಿಗೆ ಓಣಿ ಬಾಗಲ ಎಲ್ಲಾ ತಗದುವು.
ಕುಣಿ ತೋಡಾಕ ಹತ್ತ್ಯಾರ ಅಂತ ಯಾವದೋ ಹುಡುಗ ಒದರಿತ್ತು.
ಸಂಕವ್ವ ಸೆರಗ ಬಾಯಿಗಿಟ್ಟು ಓಡಿ ಬಂದ್ಲು,
"ಯಾರ ಹೋದ್ರು?"
ಹೊಳಿ ಬಂದ ಮ್ಯಾಲ
ನಾವೆಲ್ಲಾ ಒಟ್ಟಿಗೆ ನಕ್ಕದ್ದು ಅವತ್ತ.

ಸಿಮೆಂಟಿನ ಕೆಳಗ ಎರಿ ಮಣ್ಣು. ನಿಲ್ಲವಲ್ಲದು, ಕುಸಿಯೂದು.
ಹಳೇ ಊರಿಗೆ ಟ್ರ್ಯಾಕ್ಟರ ಹೋತು.
ಜಾಲಿ ಬೆಳದೈತ್ರಿ ಅಲ್ಲಿ, ಆಳೆತ್ತರ.
ಅವರವರ ಬಿದ್ದ ಗ್ವಾಡಿ ಹುಡುಕಿ ಎರಡೆರಡ ಕಲ್ಲ ತಂದ್ರು.
ಇಣಿಕಿ ನೋಡ್ರಿ, ಇದು ಸಂಕವ್ವನ ಬಚ್ಚಲದ್ದು.
ಅದು ಮಸೂತಿ ಕಟ್ಟಿದು.
ಸುಣ್ಣ ಹತ್ತಿದ್ದು ಸಾಲಿ ಗ್ವಾಡಿದು,
ಯಾವದೋ ಕೂಸು ಇದ್ದಲಿಲೆ ಏಳರ ಮಗ್ಗಿ ಬರದು
ಏಳೇಳ್ಲೆಗೆ ತಪ್ಪೈತಿ.
ನನ್ನ ಹಳೇ ಕುಣಿ ಸಿಗಲೇ ಇಲ್ಲ. ತುಂಬಿ ಸಪಾಟ ಆಗಿತ್ತು.
ನಿಂತ ಜಾಗಾ ಅದ ಇರಬೇಕು ಅಂತ ಹೇಳಿ ಕಾಲ ಎತ್ತಿಟ್ಟೆ.

ಈಗ ಒಂಬತ್ತ ಮನ್ಯಾಗ ಒಡದೀವಿ. ಎಲ್ಲಾರ ಹೆಸರೂ ಕೊಡತೀನಿ,
ಅವರನ್ನ ಬಿಟ್ಟು ನನಗೊಬ್ಬಾಕಿಗೇ ನೋಟೀಸ ಕೊಟ್ರ ಸಿಟ್ಟಾಗತಾರ.
ಆದ್ರ ಒಂದ ಮಾತು:
ನಿಮ್ಮ ಕಾಗದದಾಗ ಹಾನಿ ಅನ್ನೂ ಒಂದ ಖಾನಿ ಐತಲ್ರಿ,
ಹೊಳಿ ಬಂದಾಗ ತುಂಬಿದ್ದೂ ಅದ.
ಅಕೀದೂ ನಮ್ಮದೂ ಒಂದ ಖಾನ್ಯಾಗ ಹೆಂಗ ಬರೀತೀರಿ?

ಪೆನ್ನು ಬಾಜೂಕ ಇಡ್ರಿ. ಬೂಟ ಕಳೀರಿ.
ಇಲ್ಲಿ, ಕುಣಿ ದಂಡಿ ಮ್ಯಾಲ ಕುಂದ್ರಿ, ಕಾಲ ಇಳಿಬಿಡ್ರಿ.
ಹತ್ತಿತೇನ್ರಿ ತಂಪು, ಹಿಂಬಡಕ್ಕ?

ನಾ ದಿನಾ ಮುಂಜಾನಿ ಮೊದಲ ಕೈ ಹಾಕಿ ನೋಡತೀನಿ,
ತಳದ ಮಣ್ಣ ಒಣಾ ಐತಿಲ್ಲ ಅಂತ.
ಆಮ್ಯಾಲ ಇಳೀತೀನಿ.